ನೋಡಿ ಹೇಳುವವರ ಕಸುಬು

1966ರ ಸೆಪ್ಟೆಂಬರ್ 22. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ಬೇಸ್‌ಬಾಲ್ ಪಂದ್ಯ. ದಶಕಗಳ ಕಾಲ ಅಮೆರಿಕದ ಬೇಸ್‌ಬಾಲನ್ನು ಆಳಿದ್ದ ಯಾಂಕೀಸ್ ತಂಡ ಆ ವರ್ಷ ಪಟ್ಟಿಯ ಕಟ್ಟಕಡೆಗೆ ಕುಸಿದಿತ್ತು. ಅರವತ್ತು ಸಾವಿರಕ್ಕೂ ಹೆಚ್ಚು ಆಸನಗಳ ಮೈದಾನದಲ್ಲಿ ಅಂದು ಕೂತಿದ್ದವರು 413 ಜನ. ಟಿವಿಗೆ ವೀಕ್ಷಕ ವಿವರಣೆ ಕೊಡುತ್ತಿದ್ದ ರೆಡ್ ಬಾರ್ಬರ್, ಕ್ಯಾಮೆರಾವನ್ನು ಒಮ್ಮೆ ಆ ಖಾಲಿ ಆಸನಗಳ ಕಡೆ ತಿರುಗಿಸಿ ಎಂದು ಕೇಳಿದರು. ಆಗದು ಎಂಬ ಉತ್ತರ ಬಂತು. ಕ್ಯಾಮೆರಾ ತೋರಿಸದಿದ್ದರೇನು, ಬಾಯಿ ಇದೆಯಲ್ಲ. ಇವತ್ತಿನ ಸುದ್ದಿ ಆಟವಲ್ಲ, ಈ ಖಾಲಿ ಮೈದಾನ ಎಂಬರ್ಥದ ಮಾತನ್ನು ಅವರು ಮೈಕಿನಲ್ಲೇ ಹೇಳಿಬಿಟ್ಟರು. ಕೆಲವೇ ದಿನಗಳಲ್ಲಿ, ನಿಮ್ಮ ಒಪ್ಪಂದ ಮುಂದುವರಿಯುವುದಿಲ್ಲ ಎಂದು ತಂಡದವರು ತಿಳಿಸಿದರು. ಅವರನ್ನು ಕಳಿಸುವ ತೀರ್ಮಾನ ಅದಕ್ಕೆ ಮೊದಲೇ ಆಗಿತ್ತು ಎನ್ನುವವರೂ ಇದ್ದಾರೆ. ಇದ್ದಿರಬಹುದು. ಮೂವತ್ತು ವರ್ಷಕ್ಕೂ ಮಿಕ್ಕಿ ಮೈಕು ಹಿಡಿದಿದ್ದ ಮನುಷ್ಯ, ಕಂಡದ್ದನ್ನು ಕಂಡ ಹಾಗೆ ಹೇಳಿ ಮನೆಗೆ ಹೋದರು ಎಂಬುದಂತೂ ಉಳಿದ ಮಾತು.

ಅಮೆರಿಕದ ಪ್ರಸಾರದಲ್ಲಿ ಮೈಕಿನ ಮುಂದೆ ಸಾಮಾನ್ಯವಾಗಿ ಎರಡು ಕುರ್ಚಿಗಳಿರುತ್ತವೆ. ಒಂದರಲ್ಲಿ ಕೂತವರು ಈ ಕ್ಷಣ ಏನಾಗುತ್ತಿದೆ ಎಂದು ಹೇಳುತ್ತಾರೆ: ಚೆಂಡು ಎತ್ತ ಹೋಯಿತು, ಯಾರು ಓಡಿದರು, ಸ್ಕೋರು ಎಷ್ಟು. ಇನ್ನೊಂದರಲ್ಲಿ ಕೂತವರು ಅದು ಹಾಗೇಕಾಯಿತು ಎಂದು ಬಿಡಿಸಿ ಹೇಳುತ್ತಾರೆ. ಎರಡನೆಯ ಕುರ್ಚಿ ನಿವೃತ್ತ ಆಟಗಾರರದ್ದು, ಅದು ನ್ಯಾಯವೂ ಹೌದು. ಮೊದಲನೆಯದರಲ್ಲಿ ಕೂರುವವರು ಹೆಚ್ಚಾಗಿ ಆ ಆಟವನ್ನು ದೊಡ್ಡ ಮಟ್ಟದಲ್ಲಿ ಆಡಿದವರೇ ಅಲ್ಲ. ಅವರು ಬರುವುದು ಕಾಲೇಜಿನ ರೇಡಿಯೋದಿಂದ, ಪತ್ರಿಕೆಯಿಂದ, ಸುದ್ದಿ ಓದುವ ಕೋಣೆಯಿಂದ. ನಮ್ಮ ಕ್ರಿಕೆಟ್ ಪ್ರಸಾರದಲ್ಲಿ ಈ ಮೊದಲ ಕುರ್ಚಿ ಹೆಚ್ಚುಕಡಿಮೆ ಮಾಯವಾಗಿದೆ. ಇರುವವರೆಲ್ಲ ಎರಡನೆಯ ಕುರ್ಚಿಯವರು. ಮೊದಲನೆಯದರಲ್ಲಿ ಸರದಿಯ ಮೇಲೆ ಕೂತು ಎದ್ದುಹೋಗುತ್ತಾರೆ. ಆಟ ಬಲ್ಲವರಿಗೆ ಅದನ್ನು ಹೇಳುವುದೂ ತಾನಾಗಿ ಬರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ತಪ್ಪು ಎಂಬುದು ನನ್ನ ವಾದ. ಆಡಿ ಮುಗಿಸಿದವರಿಗೆ ಪಿಂಚಣಿಯ ಹಾಗೆ ಕೊಡುವ ಕೆಲಸ ಇದಲ್ಲ. ಇದಕ್ಕೆ ಬೇರೆಯೇ ತಯಾರಿ ಬೇಕು, ಬೇರೆಯೇ ನಿಷ್ಠೆ ಬೇಕು, ಒಂದು ಆಯುಷ್ಯದಷ್ಟು ಕಾಲವೂ ಬೇಕು. ನನ್ನ ಪಾಲಿಗೆ ಇದಕ್ಕೆ ದೊಡ್ಡ ಸಾಕ್ಷಿ ಬಾರ್ಬರ್ ಅವರ ಶಿಷ್ಯ ವಿನ್ ಸ್ಕಲಿ.

ಸ್ಕಲಿ ಹುಟ್ಟಿದ್ದು 1927ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಹುಡುಗನಾಗಿದ್ದಾಗ ಮನೆಯ ದೊಡ್ಡ ರೇಡಿಯೋದ ಅಡಿಗೆ ನುಸುಳಿ ಮಲಗಿ ಫುಟ್‌ಬಾಲ್ ಪ್ರಸಾರ ಕೇಳುತ್ತಿದ್ದರಂತೆ. ಎಲ್ಲೋ ದೂರದ ಕಾಲೇಜುಗಳ ಪಂದ್ಯ, ಗೆದ್ದರೂ ಸೋತರೂ ಈ ಹುಡುಗನಿಗೆ ಆಗಬೇಕಾದ್ದೇನೂ ಇಲ್ಲ. ಅವರನ್ನು ಹಿಡಿದದ್ದು ಮೇಲಿನಿಂದ ಮಳೆಯಂತೆ ಸುರಿಯುತ್ತಿದ್ದ ಜನರ ಗದ್ದಲ. ಈ ಸಂಗತಿಯನ್ನು ಅವರು ಬದುಕಿಡೀ ಹೇಳಿಕೊಂಡು ಬಂದರು. ಯಾಕೆ ಹೇಳುತ್ತಿದ್ದರು ಎಂಬುದು ಮುಂದೆ ತಿಳಿಯುತ್ತದೆ.

ಫೋರ್ಡಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರೇಡಿಯೋದಲ್ಲಿ ಅವರು ಮಾತು ಕಲಿತರು. 1949ರ ನವೆಂಬರಿನಲ್ಲಿ ಬಾರ್ಬರ್ ಈ ಹೊಸ ಹುಡುಗನನ್ನು ಒಂದು ಕಾಲೇಜು ಫುಟ್‌ಬಾಲ್ ಪಂದ್ಯಕ್ಕೆ ಬಾಸ್ಟನ್ನಿಗೆ ಕಳಿಸಿದರು. ಫೆನ್‌ವೇ ಪಾರ್ಕಿನಲ್ಲಿ ಕೂರಲು ಬೂತ್ ಸಿಗುತ್ತದೆಂದು ನಂಬಿ ಸ್ಕಲಿ ಕೋಟನ್ನು ಹೋಟೆಲಿನಲ್ಲೇ ಬಿಟ್ಟು ಹೋಗಿದ್ದರು. ಸಿಕ್ಕಿದ್ದು ಛಾವಣಿ. ಮೈ ಕೊರೆಯುವ ಚಳಿಯಲ್ಲಿ ಮೈಕಿನ ತಂತಿ ಎಳೆದುಕೊಂಡು ಛಾವಣಿಯ ಮೇಲೆ ಆಚೀಚೆ ಓಡಾಡುತ್ತ ಇಡೀ ಪಂದ್ಯ ಹೇಳಿದರು. ತಮ್ಮ ಪಾಡನ್ನು ಮಾತ್ರ ಕೇಳುಗರಿಗೆ ಒಮ್ಮೆಯೂ ಹೇಳಲಿಲ್ಲ. ಇದು ಆಮೇಲೆ ಬಾರ್ಬರ್ ಕಿವಿಗೆ ಬಿತ್ತು. ಮರುವರ್ಷ ಸ್ಕಲಿ, ಬಾರ್ಬರ್ ಆಗ ಮೈಕು ಹಿಡಿಯುತ್ತಿದ್ದ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪ್ರಸಾರಕ್ಕೆ ಸೇರಿದರು. ಅಲ್ಲಿಂದ 2016ರವರೆಗೆ, ಒಂದೇ ತಂಡಕ್ಕೆ, 67 ಋತುಗಳು. ಈಚಿನ ಲೆಕ್ಕದಲ್ಲಿ ಬೇಸ್‌ಬಾಲಿನ ಒಂದು ಋತು ಎಂದರೆ ತಂಡಕ್ಕೆ 162 ಪಂದ್ಯ, ಆರು ತಿಂಗಳು, ಹೆಚ್ಚುಕಡಿಮೆ ದಿನಾಲೂ. ನಮ್ಮಲ್ಲಿ ಹಬ್ಬದ ಹಾಗೆ ಬಂದು ಹೋಗುವ ಸರಣಿಗಳಿಗಿಂತ ಅದು ದಿನನಿತ್ಯದ ಅಡುಗೆಗೆ ಹತ್ತಿರ.

ಬಾರ್ಬರ್ ಕಲಿಸಿದ ಪಾಠಗಳು ಕೇಳಲು ತೀರ ಸಾದಾ. ಪಂದ್ಯಕ್ಕೆ ಬಹಳ ಮೊದಲೇ ಮೈದಾನಕ್ಕೆ ಬಾ. ಆಟಗಾರರ ಜೊತೆ ತೀರ ಸಲಿಗೆ ಬೇಡ. ಬೇರೆ ಕಾಮೆಂಟೇಟರುಗಳನ್ನು ಕೇಳಬೇಡ, ಕೇಳಿದರೆ ಅವರ ಹಾಗಾಗುತ್ತೀಯ. ಬಾರ್ಬರ್ ಮೇಜಿನ ಮೇಲೆ, ಮೊಟ್ಟೆ ಬೇಯಿಸುವಾಗ ಇಟ್ಟುಕೊಳ್ಳುವ ಮೂರು ನಿಮಿಷದ ಮರಳು ಗಡಿಯಾರ ಇರುತ್ತಿತ್ತು. ಮರಳು ಇಳಿದಾಗಲೆಲ್ಲ ಸ್ಕೋರು ಹೇಳಬೇಕು, ಗಡಿಯಾರ ತಿರುಗಿಸಿಡಬೇಕು. ಈಗಷ್ಟೇ ರೇಡಿಯೋ ಹಾಕಿದ ಒಬ್ಬಾತ ಎಲ್ಲೋ ಇದ್ದಾನೆ, ಅವನಿಗೆ ಏನೂ ಗೊತ್ತಿಲ್ಲ ಎಂಬ ನೆನಪನ್ನು ಆ ಗಡಿಯಾರ ಕಾಯುತ್ತಿತ್ತು. ನನಗೆ ಈ ಕಸುಬಿನ ನೀತಿಯೆಲ್ಲ ಅದರೊಳಗಿದೆ ಅನ್ನಿಸುತ್ತದೆ: ನಿನ್ನ ಜ್ಞಾನ ಮೆರೆಸುವುದಕ್ಕಿಂತ ಮೊದಲು ಗೊತ್ತಿಲ್ಲದವನಿಗೆ ದಾರಿ ತೋರಿಸು.

1958ರಲ್ಲಿ ಡಾಡ್ಜರ್ಸ್ ತಂಡ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋಯಿತು. ಸ್ವಂತ ಮೈದಾನ ಆಗುವವರೆಗೆ ಅವರು ಆಡಿದ್ದು 1932ರ ಒಲಿಂಪಿಕ್ಸ್ ನಡೆದ ಕೊಲಿಸಿಯಮ್ಮಿನಲ್ಲಿ. ಬೇಸ್‌ಬಾಲಿಗಾಗಿ ಕಟ್ಟಿದ್ದಲ್ಲ, ಎಷ್ಟೋ ಆಸನಗಳು ಆಟದಿಂದ ಬಲು ದೂರ. ಅದೇ ಹೊತ್ತಿಗೆ ಕೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರ್ ರೇಡಿಯೋ ಅಗ್ಗವಾಗಿತ್ತು. ಜನ ಅದನ್ನು ಮೈದಾನಕ್ಕೇ ತಂದರು. ಕಣ್ಣೆದುರು ನಡೆಯುತ್ತಿರುವ ಆಟವನ್ನು ಸ್ಕಲಿ ಹೇಳಿದರೆ ಮಾತ್ರ ನಂಬುವ ಸ್ಥಿತಿ. 1960ರಲ್ಲಿ ಒಂದು ದಿನ, ಅಂಪೈರ್ ಫ್ರ್ಯಾಂಕ್ ಸೆಕೊರಿ ಅವರ ಹುಟ್ಟುಹಬ್ಬ ಎಂಬುದನ್ನು ಸ್ಕಲಿ ಎಲ್ಲೋ ಓದಿದ್ದರು. ನಾನು ಮೂರು ಎಣಿಸುತ್ತೇನೆ, ಎಲ್ಲರೂ ಶುಭಾಶಯ ಹೇಳಿ ಎಂದು ರೇಡಿಯೋದಲ್ಲಿ ಕೇಳಿಕೊಂಡರು. ಮೈದಾನದಲ್ಲಿದ್ದವರೆಲ್ಲ ಒಟ್ಟಿಗೆ ಕೂಗಿದರು, ಅಂಪೈರ್ ತಬ್ಬಿಬ್ಬಾದರು. ಟಿವಿ ಬಂದ ಮೇಲೆ ವಿವರಿಸುವವರು ಯಾಕೆ ಬೇಕು, ಎಲ್ಲ ಕಾಣುತ್ತದಲ್ಲ ಎಂದು ಕೇಳುವವರಿಗೆ ಈ ಕತೆ ಹೇಳಬೇಕು. ಕಾಣುವುದು ಬೇರೆ, ಕಂಡದ್ದರ ಅರ್ಥ ಹತ್ತುವುದು ಬೇರೆ.

ಇನ್ನು ಸ್ಕಲಿಯವರ ಮೌನ. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ ತಮ್ಮ 715ನೇ ಹೋಮ್‌ರನ್ ಹೊಡೆದು ಬೇಬ್ ರುತ್ ದಾಖಲೆ ಮುರಿದರು. ಕಪ್ಪು ಆಟಗಾರನೊಬ್ಬ ಬಿಳಿಯರ ದೇವರ ದಾಖಲೆ ಮುರಿಯುತ್ತಾನೆಂದು ತಿಂಗಳುಗಟ್ಟಲೆ ಕೊಲೆ ಬೆದರಿಕೆಯ ಕಾಗದಗಳು ಬಂದಿದ್ದವು. ಚೆಂಡು ಬೇಲಿ ದಾಟಿತೆಂದು ಹೇಳಿದ ಸ್ಕಲಿ ಮೈಕು ಬಿಟ್ಟು ಹಿಂದೆ ಸರಿದುಬಿಟ್ಟರು. ಜನರ ಕೂಗು, ಪಟಾಕಿಯ ಸದ್ದು ಮಾತ್ರ ಕೇಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಬಂದು ಅವರು ಹೇಳಿದ್ದರ ಸಾರಾಂಶ ಇಷ್ಟು: ದಕ್ಷಿಣದ ನಟ್ಟನಡುವೆ ಕಪ್ಪು ಮನುಷ್ಯನೊಬ್ಬನಿಗಾಗಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಆಟದ ಸುದ್ದಿಯ ಒಳಗಿದ್ದ ದೇಶದ ಸುದ್ದಿ ಅದು. ಹದಿನಾಲ್ಕು ವರ್ಷ ಕಳೆದು, 1988ರಲ್ಲಿ, ಚಾಂಪಿಯನ್ ಪಟ್ಟ ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ, ಎರಡೂ ಕಾಲು ನೋಯುತ್ತಿದ್ದ ಕರ್ಕ್ ಗಿಬ್ಸನ್ ಕುಂಟುತ್ತ ಬಂದು ಗೆಲುವಿನ ಹೊಡೆತ ಹೊಡೆದಾಗಲೂ ಸ್ಕಲಿ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬಾಯಿ ತೆರೆಯಲಿಲ್ಲ. ರೇಡಿಯೋದ ಅಡಿಯಲ್ಲಿ ಮಲಗಿದ್ದ ಹುಡುಗನಿಗೆ ಜನರ ಗದ್ದಲಕ್ಕಿಂತ ಒಳ್ಳೆಯ ಮಾತು ತನ್ನಲ್ಲಿಲ್ಲವೆಂದು ಗೊತ್ತಿತ್ತು.

ನಮ್ಮ ಟಿವಿಯಲ್ಲಿ ಹೀಗೆ ಸುಮ್ಮನಿರುವುದು ಸಾಧ್ಯವೇ? ವಿಕೆಟ್ ಬಿದ್ದ ಕೆಲವೇ ಕ್ಷಣಗಳಲ್ಲಿ ಪಾನ್ ಮಸಾಲಾ ಜಾಹೀರಾತು ಬರುತ್ತದೆ. ಬ್ಯಾಟ್ಸ್‌ಮನ್ ತಲೆ ತಗ್ಗಿಸಿ ಪೆವಿಲಿಯನ್ನಿಗೆ ನಡೆಯುವ ದೃಶ್ಯ, ಮೈದಾನ ಉಸಿರು ಬಿಡುವ ಸದ್ದು, ಎರಡೂ ನಮಗೆ ಸಿಗುವುದಿಲ್ಲ. ಸಿಗುವ ಅಷ್ಟಿಷ್ಟು ಹೊತ್ತಿನಲ್ಲೇ ತಾವು ಇದ್ದೇವೆಂದು ತೋರಿಸಿಕೊಳ್ಳಬೇಕಾದ ಕಾಮೆಂಟೇಟರ್ ಕೂಗದೆ ಇನ್ನೇನು ಮಾಡಿಯಾರು? ಕೂಗಾಟವನ್ನು ಅವರ ಗುಣದೋಷ ಎಂದಷ್ಟೇ ನೋಡುವುದು ಅನ್ಯಾಯ. ಅದು ಪ್ರಸಾರದ ವ್ಯವಸ್ಥೆಯೇ ಬೇಡುವ ಕೂಗು.

ಸ್ಕಲಿ ಬಹುಪಾಲು ಒಬ್ಬರೇ ಕೂತು ಮಾತಾಡಿದರು. ಇಬ್ಬರಿದ್ದರೆ ಅವರು ಪರಸ್ಪರ ಮಾತಾಡಿಕೊಳ್ಳುತ್ತಾರೆ, ಒಬ್ಬರಿದ್ದರೆ ಕೇಳುಗನ ಜೊತೆ ಮಾತಾಡಲೇಬೇಕು. ಭಾರತದಲ್ಲೂ ಇದೇ ಹಟ ಹಿಡಿದವರೊಬ್ಬರಿದ್ದರು: ಎ.ಎಫ್.ಎಸ್. ತಲ್ಯಾರ್‌ಖಾನ್. 1934ರಲ್ಲಿ ಮುಂಬೈಯ ಕ್ವಾಡ್ರಾಂಗುಲರ್ ಕ್ರಿಕೆಟ್ ಪಂದ್ಯಕ್ಕೆ ರೇಡಿಯೋ ಕಾಮೆಂಟರಿ ಕೊಟ್ಟು ಈ ಕಸುಬನ್ನು ನಮ್ಮಲ್ಲಿ ಶುರು ಮಾಡಿದವರು. ದಿನವಿಡೀ ಒಬ್ಬರೇ ಮಾತಾಡುತ್ತಿದ್ದರು. ಆಕಾಶವಾಣಿ ಮೈಕನ್ನು ಹಲವರಿಗೆ ಹಂಚುವ ಪದ್ಧತಿ ತಂದಾಗ, ಹಂಚಿಕೊಂಡು ಮಾತಾಡುವವ ನಾನಲ್ಲ ಎಂದು ಎದ್ದುಹೋದರು. ಅಹಂಕಾರ ಅನ್ನಬಹುದು. ಆದರೆ ಕೇಳುಗರ ಜೊತೆ ಒಂದು ದನಿ ಕಟ್ಟಿಕೊಂಡ ನಂಟನ್ನು ಅರ್ಧರ್ಧ ಗಂಟೆಗೆ ತುಂಡು ಮಾಡಬಾರದು ಎಂಬ ತಿಳಿವೂ ಅದರೊಳಗಿತ್ತು.

ಈ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದರ ಹೆಸರು ರಿಚಿ ಬೆನೋ. ಆಸ್ಟ್ರೇಲಿಯಾದ ನಾಯಕರಾಗಿದ್ದವರು, ಕ್ರಿಕೆಟ್ ಟಿವಿಯಲ್ಲಿ ಅವರಷ್ಟು ಮಿತವಾಗಿ, ಅವರಷ್ಟು ಚೆನ್ನಾಗಿ ಮಾತಾಡಿದವರಿಲ್ಲ. ಹಾಗಾದರೆ ಆಟಗಾರರಿಂದ ಆಗದು ಎಂದು ಹೇಗೆ ಹೇಳುವುದು? ನಾನು ಹಾಗೆ ಹೇಳುತ್ತಿಲ್ಲ. ಬೆನೋ 1956ರ ಇಂಗ್ಲೆಂಡ್ ಪ್ರವಾಸ ಮುಗಿದ ಮೇಲೆ ಅಲ್ಲೇ ಉಳಿದು ಬಿಬಿಸಿಯಲ್ಲಿ ತರಬೇತಿಗೆ ಕೂತರು. ಸಿಡ್ನಿಯ ಪತ್ರಿಕೆಯಲ್ಲಿ ಪೊಲೀಸ್ ಸುದ್ದಿ ಬರೆಯುತ್ತ ಪಳಗಿದರು. ಅಂದರೆ ಆಡುತ್ತಿರುವಾಗಲೇ ಈ ಎರಡನೇ ಕಸುಬನ್ನು ಮೊದಲನೇ ತರಗತಿಯಿಂದ ಕಲಿತರು. ಕಲಿಯುವ ಆಟಗಾರರಿಗೆ ಯಾವ ಕುರ್ಚಿಯೂ ನಿಷಿದ್ಧವಲ್ಲ.

ಬೇಸ್‌ಬಾಲನ್ನೇ ಕಾಣದ ಊರಿನಿಂದ ಬಂದು ಬೇಸ್‌ಬಾಲಿನ ದನಿಯಾದವರ ಕತೆ ಇನ್ನೂ ಸೊಗಸು. ಹೈಮೆ ಹರೀನ್ ಈಕ್ವೆಡಾರ್ ದೇಶದವರು. 1955ರಲ್ಲಿ ಲಾಸ್ ಏಂಜಲೀಸ್‌ಗೆ ವಲಸೆ ಬಂದು ಸ್ಪ್ಯಾನಿಶ್ ರೇಡಿಯೋದಲ್ಲಿ ಸುದ್ದಿಯ ಕೆಲಸ ಹಿಡಿದರು. ಡಾಡ್ಜರ್ಸ್ ಆ ಊರಿಗೆ ಬಂದಾಗ ಪಂದ್ಯಗಳನ್ನು ಸ್ಪ್ಯಾನಿಶ್‌ನಲ್ಲೂ ಹೇಳಬೇಕೆಂದು ರೇಡಿಯೋದವರು ನಿರ್ಧರಿಸಿದರು. ನನಗೆ ಈ ಆಟ ಗೊತ್ತಿಲ್ಲ, ಸ್ವಲ್ಪ ಕಾಲ ಕೊಡಿ ಎಂದು ಹರೀನ್ ಕೇಳಿಕೊಂಡರು. ಕಲಿತರು, 1959ರಿಂದ ಮೈಕು ಹಿಡಿದರು. ತಂಡ ಬೇರೆ ಊರಿಗೆ ಹೋದಾಗ ಮೊದಮೊದಲು ಅವರನ್ನು ಕರೆದೊಯ್ಯುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಕೂತು ಸ್ಕಲಿಯವರ ಇಂಗ್ಲಿಷ್ ಪ್ರಸಾರವನ್ನು ಕಿವಿಯಲ್ಲಿ ಕೇಳುತ್ತ ಬಾಯಲ್ಲಿ ಸ್ಪ್ಯಾನಿಶ್ ಹೇಳಬೇಕಿತ್ತು. ಅವಸರದ ಚೀರಾಟ ಇಲ್ಲದ ಸ್ಕಲಿಯವರ ಮಾತನ್ನು ಹಾಗೆ ಕೇಳುತ್ತಲೇ ಅವರು ಈ ಕೆಲಸದ ಲಯ ಕಲಿತರು. ಒಟ್ಟು 64 ಋತುಗಳನ್ನು ಪೂರೈಸಿ 2022ರಲ್ಲಿ ನಿವೃತ್ತರಾದರು. ಸ್ಕಲಿ ತೀರಿಕೊಂಡದ್ದೂ ಅದೇ ವರ್ಷ.

ಹರೀನ್ ಕತೆಯನ್ನು ಸಿಹಿಯಾಗಿ ಹೇಳಿ ಮುಗಿಸುವಂತಿಲ್ಲ. ಡಾಡ್ಜರ್ಸ್‌ನ ಈಗಿನ ಮೈದಾನ ಇರುವ ಚಾವೆಜ್ ರವೀನ್ ಎಂಬ ಗುಡ್ಡದ ಪ್ರದೇಶದಲ್ಲಿ ಮೊದಲು ಮೆಕ್ಸಿಕನ್ ಮೂಲದ ಕುಟುಂಬಗಳಿದ್ದವು. ಬಡವರಿಗೆ ಸರ್ಕಾರಿ ಮನೆ ಕಟ್ಟುತ್ತೇವೆಂದು ಅವರನ್ನು ಎಬ್ಬಿಸಿದರು. ಮನೆಗಳ ಯೋಜನೆ ರದ್ದಾಯಿತು, ಜಾಗ ತಂಡದ ಪಾಲಾಯಿತು. 1959ರ ಮೇ ತಿಂಗಳಲ್ಲಿ ಕೊನೆಯ ಕುಟುಂಬಗಳನ್ನು ಪೊಲೀಸರು ಎಳೆದು ಹೊರಹಾಕಿದ್ದು ಟಿವಿಯಲ್ಲೂ ಬಂತು. 1962ರಲ್ಲಿ ಮೈದಾನ ತೆರೆಯಿತು. ಮನೆ ಕಳೆದುಕೊಂಡವರ ಭಾಷೆಯಲ್ಲಿ ಪ್ರತಿ ಸಂಜೆ ಆಟದ ಕತೆ ಹೇಳಿದ್ದು ಹರೀನ್. 1981ರಲ್ಲಿ ಮೆಕ್ಸಿಕೋದ ಹಳ್ಳಿಯೊಂದರಿಂದ ಬಂದ ಇಪ್ಪತ್ತು ವರ್ಷದ ಪಿಚರ್ ಫೆರ್ನಾಂಡೊ ವಲೆನ್ಸುವೆಲಾ ದೇಶವನ್ನೇ ಮರುಳು ಮಾಡಿದಾಗ, ಪತ್ರಕರ್ತರ ಎದುರು ದುಭಾಷಿಯಾಗಿ ಪಕ್ಕದಲ್ಲಿ ಕೂತವರೂ ಹರೀನ್. ಅದೇ ಮೈದಾನಕ್ಕೆ ಸ್ಪ್ಯಾನಿಶ್ ಮಾತಾಡುವ ಜನ ಹಿಂಡುಹಿಂಡಾಗಿ ಬರತೊಡಗಿದರು. ಗಾಯಕ್ಕೆ ಮುಲಾಮು ಎನ್ನುವುದೋ, ಮಾರುಕಟ್ಟೆಯ ಚಾಣಾಕ್ಷತನ ಎನ್ನುವುದೋ? ಎರಡೂ ಎಂದೇ ನನ್ನ ಉತ್ತರ. ಒಂದು ಜನ ತಮ್ಮ ನುಡಿಯಲ್ಲಿ ಆಟ ಕೇಳಿದಾಗ ಅದು ಅವರದ್ದಾಗುತ್ತದೆ. ವ್ಯಾಪಾರಿಗಳಿಗೆ ಇದು ನಮಗಿಂತ ಮೊದಲೇ ಗೊತ್ತಿರುತ್ತದೆ.

ವ್ಯಾಪಾರಕ್ಕೆ ದನಿಯ ಮೇಲೆ ಮಮತೆಯೇನೂ ಇಲ್ಲ ಎಂಬುದಕ್ಕೂ ಇಲ್ಲೇ ಉದಾಹರಣೆಯಿದೆ. ಡಾಡ್ಜರ್ಸ್ ತಮ್ಮ ಟಿವಿ ಹಕ್ಕನ್ನು 25 ವರ್ಷಕ್ಕೆ 835 ಕೋಟಿ ಡಾಲರಿಗೆ ಕೇಬಲ್ ಕಂಪನಿಯೊಂದಕ್ಕೆ ಮಾರಿದರು. ಉಳಿದ ಕೇಬಲ್ ಕಂಪನಿಗಳು ಕೇಳಿದ ದರ ಕೊಡಲೊಪ್ಪಲಿಲ್ಲ. 2014ರಿಂದ ಲಾಸ್ ಏಂಜಲೀಸ್‌ನ ಬಹುಪಾಲು ಮನೆಗಳಲ್ಲಿ ಪಂದ್ಯ ಬರುವುದೇ ನಿಂತಿತು, 2020ರವರೆಗೂ ಜಗಳ ಬಗೆಹರಿಯಲಿಲ್ಲ. ಸ್ಕಲಿಯವರ ಕೊನೆಯ ಮೂರು ಋತುಗಳು ಹೀಗೆ ಅವರದೇ ಊರಿನ ಎಷ್ಟೋ ಮನೆಗಳಿಗೆ ತಲುಪದೆ ಹೋದವು. ಅದೇ ದನಿಗೆ ದೇಶ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಕೊಟ್ಟದ್ದು ನಿವೃತ್ತಿಯ ಮರುತಿಂಗಳು.

ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆಗೆ ಇಲ್ಲಿ ಬರಲೇಬೇಕು. ಸ್ಕಲಿ, ಬಾರ್ಬರ್ ಇಬ್ಬರೂ ತಂಡದ ನೆರಳಿನಲ್ಲಿದ್ದವರು. ಸ್ಕಲಿ ಎದುರಾಳಿಯ ಒಳ್ಳೆಯ ಆಟವನ್ನು ಅಷ್ಟೇ ಪ್ರೀತಿಯಿಂದ ಹೊಗಳುತ್ತಿದ್ದರು, ನಿಜ. ಅದು ಅವರ ಘನತೆ. ಅದನ್ನು ವ್ಯವಸ್ಥೆ ಎಂದು ಕರೆಯಲಾಗದು. ಯಾಂಕೀಸ್ ಮಾಲೀಕರ ಎದುರು ಬಾರ್ಬರ್ ಘನತೆ ಕೆಲಸಕ್ಕೆ ಬರಲಿಲ್ಲ. ಇದಕ್ಕೆ ಎದುರಾಗಿ ಇಂಗ್ಲೆಂಡಿನ ಜಾನ್ ಆರ್ಲಟ್ ಅವರನ್ನು ನಿಲ್ಲಿಸಿ ನೋಡಬೇಕು. ಪೊಲೀಸ್ ಕೆಲಸದಲ್ಲಿದ್ದು, ಆಮೇಲೆ ಬಿಬಿಸಿಯಲ್ಲಿ ಕಾವ್ಯದ ಕಾರ್ಯಕ್ರಮ ಮಾಡುತ್ತಿದ್ದವರು; 1946ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ನಮ್ಮತ್ತ ಬರುವ ಪ್ರಸಾರಕ್ಕಾಗಿ ಮೊದಲು ಕ್ರಿಕೆಟ್ ಕಾಮೆಂಟರಿ ಹೇಳಿದರು. ದಕ್ಷಿಣ ಆಫ್ರಿಕಾದ ವರ್ಣಭೇದದಿಂದ ದೊಡ್ಡ ಮಟ್ಟದಲ್ಲಿ ಆಡುವ ಅವಕಾಶವೇ ಇಲ್ಲದಿದ್ದ ಕ್ರಿಕೆಟಿಗ ಬೆಸಿಲ್ ಡಿ'ಒಲಿವೆರಾ ಅವರಿಗೆ ಇಂಗ್ಲೆಂಡಿನಲ್ಲಿ ದಾರಿ ಮಾಡಿಕೊಟ್ಟವರಲ್ಲಿ ಮುಖ್ಯರು. 1970ರಲ್ಲಿ ದಕ್ಷಿಣ ಆಫ್ರಿಕಾ ತಂಡ ಬರುವುದಿತ್ತು. ಆ ಪಂದ್ಯಗಳಿಗೆ ನಾನು ಕಾಮೆಂಟರಿ ಹೇಳುವುದಿಲ್ಲ ಎಂದು ಆರ್ಲಟ್ ಮೊದಲೇ ಸಾರಿದರು. ಪ್ರವಾಸವೇ ರದ್ದಾಯಿತು. ಅವರ ಕೆಲಸ ಹೋಗಲಿಲ್ಲ, 1980ರವರೆಗೂ ಮೈಕಿನ ಮುಂದಿದ್ದರು. ಕೊನೆಯ ಟೆಸ್ಟಿನಲ್ಲಿ ವಿದಾಯ ಭಾಷಣ ಮಾಡದೆ, ತಮ್ಮ ಸರದಿ ಮುಗಿದಾಗ ಎಂದಿನಂತೆ ಮುಂದಿನವರ ಹೆಸರು ಹೇಳಿ ಎದ್ದರು. ಅವರಿಗೆ ಸಂಬಳ ಕೊಡುತ್ತಿದ್ದುದು ಕ್ರಿಕೆಟ್ ಮಂಡಳಿ ಅಲ್ಲ, ಸಾರ್ವಜನಿಕ ಪ್ರಸಾರ ಸಂಸ್ಥೆ. ವ್ಯತ್ಯಾಸ ಅಲ್ಲಿದೆ.

ನಮ್ಮ ಆಕಾಶವಾಣಿಯ ಹಳೆಯ ಕಾಮೆಂಟೇಟರುಗಳಲ್ಲಿ ಹಲವರಿಗೆ ಬೇರೆ ಹೊಟ್ಟೆಪಾಡಿತ್ತು. ನರೋತ್ತಮ ಪುರಿ ಕಿವಿ-ಮೂಗು-ಗಂಟಲಿನ ವೈದ್ಯರು, ರವಿ ಚತುರ್ವೇದಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು. ಹಿಂದಿಯಲ್ಲಿ ಹಾಕಿಯನ್ನು ಮನೆಮನೆಗೆ ತಂದ ಜಸದೇವ್ ಸಿಂಗ್ ಆಕಾಶವಾಣಿಯ ನೌಕರರು. 1975ರ ಕೌಲಾಲಂಪುರದ ವಿಶ್ವಕಪ್ ಫೈನಲ್ಲನ್ನು ಬಹಳ ಮಂದಿ ನೋಡಿದ್ದಲ್ಲ, ಅವರ ಬಾಯಲ್ಲಿ ಕೇಳಿದ್ದು. ಇವರ್ಯಾರೂ ಕ್ರಿಕೆಟ್ ಅಥವಾ ಹಾಕಿ ಮಂಡಳಿಯ ಅನ್ನ ಉಂಡವರಲ್ಲ. ಆದರೆ ಸರ್ಕಾರಿ ಮೈಕಿಗೆ ಅದರದೇ ಹಿಂಜರಿಕೆಗಳಿದ್ದವು. ಬಿಡುವಿನ ವೇಳೆಯ ಹವ್ಯಾಸವಾಗಿ ಉಳಿದಷ್ಟು ಕಾಲ ಕಾಮೆಂಟರಿ ಪೂರ್ಣಾವಧಿಯ ಕಸುಬಾಗಿ ಬೆಳೆಯಲೂ ಇಲ್ಲ.

ಈಗ ದುಡ್ಡಿಗೇನೂ ಬರವಿಲ್ಲ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಕೊರತೆ ಇರುವುದು ಮಾತಾಡುವವರ ಸ್ವಾತಂತ್ರ್ಯಕ್ಕೆ. ಕ್ರಿಕೆಟ್ ಮಂಡಳಿಗೆ ಒಪ್ಪಿಗೆಯಾದವರೇ ಮೈಕಿನ ಮುಂದೆ ಉಳಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ದೊಡ್ಡ ಮಟ್ಟದಲ್ಲಿ ಆಡದೆ, ಹೈದರಾಬಾದಿನ ಆಕಾಶವಾಣಿಯಿಂದ ಮೇಲೆ ಬಂದು ಮೊದಲ ಕುರ್ಚಿಯಲ್ಲಿ ಹೆಸರು ಮಾಡಿದ ಹರ್ಷ ಭೋಗ್ಲೆ ಅವರನ್ನೇ 2016ರ ಐಪಿಎಲ್ ಶುರುವಾಗುವ ಹೊತ್ತಿಗೆ ಕೈಬಿಡಲಾಯಿತು. ಕಾರಣ ತಿಳಿಸಲಿಲ್ಲವೆಂದು ಅವರೇ ಹೇಳಿಕೊಂಡರು. ಮರುವರ್ಷ, ಮಂಡಳಿಯನ್ನು ನಡೆಸಲು ಸುಪ್ರೀಂ ಕೋರ್ಟ್ ನೇಮಿಸಿದ್ದ ಆಡಳಿತಗಾರರ ಸಮಿತಿಗೆ ರಾಜೀನಾಮೆ ಕೊಟ್ಟ ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ಪತ್ರವೊಂದನ್ನು ಬರೆದರು. ಆಟಗಾರರ ವ್ಯವಹಾರ ನೋಡಿಕೊಳ್ಳುವ ಕಂಪನಿಯ ಮುಖ್ಯಸ್ಥರಾಗಿರುವವರು ಅದೇ ಆಟಗಾರರ ಬಗ್ಗೆ ಮಂಡಳಿಯ ಕಾಮೆಂಟರಿ ಬಾಕ್ಸಿನಲ್ಲಿ ಕೂತು ಮಾತಾಡುವುದು ಹೇಗೆ ಸರಿ ಎಂಬ ಪ್ರಶ್ನೆ ಅದರಲ್ಲಿತ್ತು. ಪತ್ರ ಕೆಲವು ದಿನ ಸುದ್ದಿಯಾಯಿತು, ಮೈಕಿನ ಮುಂದಿನ ವ್ಯವಸ್ಥೆ ಮಾತ್ರ ಬದಲಾಗಲಿಲ್ಲ. ಆಟಗಾರರ ವ್ಯವಹಾರ ನೋಡಿಕೊಳ್ಳುವವರೇ ಆಟಗಾರರನ್ನು ತೂಗುವ ಕಡೆ ತಕ್ಕಡಿ ಹೇಗೆ ನೆಟ್ಟಗಿದ್ದೀತು?

ಕನ್ನಡದ ಮಾತಿಗೆ ಬರುತ್ತೇನೆ. 2018ರ ಐಪಿಎಲ್‌ನಿಂದ ಕನ್ನಡ ಕಾಮೆಂಟರಿ ಟಿವಿಯಲ್ಲಿ ನೆಲೆಯೂರಿದೆ. ಇದು ಸಣ್ಣ ಸಂಗತಿಯಲ್ಲ. ವಿಜಯ್ ಭಾರದ್ವಾಜ್, ಭರತ್ ಚಿಪ್ಲಿ ಅವರಂಥ ನಮ್ಮ ಮಾಜಿ ಆಟಗಾರರು ಸ್ವಿಂಗ್ ಎಂದರೇನು, ಫೀಲ್ಡನ್ನು ಯಾಕೆ ಹೀಗೆ ನಿಲ್ಲಿಸಿದ್ದಾರೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಆಟದೊಳಗಿನ ಆಟ ಗೊತ್ತಾಗುತ್ತದೆ. ಎರಡನೆಯ ಕುರ್ಚಿಗೆ ಕನ್ನಡದಲ್ಲಿ ಜನರಿದ್ದಾರೆ. ಮೊದಲನೆಯದಕ್ಕೆ ಬಂದಾಗ ಕೇಳಿಸುವುದು ಸಿನಿಮಾ ಡೈಲಾಗು, ಪ್ರಾಸ, ಒಂದೇ ಎತ್ತರದ ಕಿರುಚು. ಕವರ್ ಡ್ರೈವ್‌ಗೆ ಕನ್ನಡ ಪದ ಹುಡುಕಿ ಎಂದು ನಾನು ಹೇಳುತ್ತಿಲ್ಲ. ಆ ಹಟ ಹಾಸ್ಯಾಸ್ಪದ. ಚೆಂಡು ನೆಲ ಸವರಿಕೊಂಡು ಹೋಯಿತೋ, ಪುಟಿದು ಮೇಲೆದ್ದಿತೋ, ಇಬ್ಬರ ನಡುವೆ ನುಸುಳಿತೋ ಎಂದು ಕಣ್ಣಿಗೆ ಕಟ್ಟುವಂತೆ ಹೇಳಿ ಎನ್ನುತ್ತಿದ್ದೇನೆ. ಪರದೆಯ ಮೇಲಿನ ಅಂಕಿಗಳನ್ನೇ ಗಟ್ಟಿಯಾಗಿ ಓದುವವರ ಕೆಲಸ ಇನ್ನು ಬಹಳ ದಿನ ಉಳಿಯುವುದೂ ಇಲ್ಲ. 2023ರ ವಿಂಬಲ್ಡನ್‌ನಲ್ಲೇ ಆಯ್ದ ತುಣುಕುಗಳಿಗೆ ಯಂತ್ರದ ದನಿ ಕಾಮೆಂಟರಿ ಹೇಳಿದೆ.

ಮೊದಲ ಕುರ್ಚಿಯ ಈ ಕೊರತೆಯ ಮೂಲ ಒಂದು ಕೋಣೆಯಲ್ಲಿದೆ. ಪ್ರಾದೇಶಿಕ ಭಾಷೆಗಳ ಕಾಮೆಂಟರಿ ಹೆಚ್ಚಾಗಿ ನಡೆಯುವುದು ದೂರದ ಸ್ಟುಡಿಯೋದಲ್ಲಿ, ಪರದೆ ನೋಡಿಕೊಂಡು. ಕ್ಯಾಮೆರಾ ತೋರಿಸಿದ್ದಷ್ಟೇ ಅವರಿಗೂ ಕಾಣುತ್ತದೆ. ಡೀಪ್ ಫೈನ್ ಲೆಗ್‌ನಲ್ಲಿ ನಿಂತವರು ಎರಡು ಹೆಜ್ಜೆ ಸರಿದದ್ದು, ಗ್ಯಾಲರಿಯ ಒಂದು ಭಾಗ ಖಾಲಿ ಇರುವುದು, ಮೋಡ ಕವಿಯುತ್ತಿರುವುದು, ಯಾವುದೂ ಕಾಣದು. ಕ್ಯಾಮೆರಾ ತಿರುಗಿಸಿ ಎಂದು ಕೇಳಬೇಕಾದರೂ ಅಲ್ಲಿ ಏನಿದೆ ಎಂದು ಮೊದಲು ಕಂಡಿರಬೇಕು. ಹರೀನ್ ಅವರೂ ಸ್ಟುಡಿಯೋದಲ್ಲಿ ಶುರು ಮಾಡಿದ್ದು ಹೌದು, ಅಲ್ಲೇ ಉಳಿದಿದ್ದರೆ ಅವರ ಹೆಸರು ಇಲ್ಲಿ ಬರೆಯುವ ಸಂದರ್ಭ ಬರುತ್ತಿರಲಿಲ್ಲ.

ಕನ್ನಡನಾಡಿಗೆ ವೀಕ್ಷಕ ವಿವರಣೆ ಹೊಸತೇನಲ್ಲ. ಮೈಸೂರು ದಸರಾದ ಜಂಬೂ ಸವಾರಿಯನ್ನು ಆಕಾಶವಾಣಿಯಲ್ಲಿ ಕೇಳಿಯೇ ಕಂಡವರು ಎಷ್ಟು ಮಂದಿ! ಕರಾವಳಿಯ ಕಂಬಳಕ್ಕೆ ಹೋದರೆ ಕೋಣಗಳು ಓಡುವ ಕರೆಯ ಬದಿಯಲ್ಲಿ ಮೈಕು ಹಿಡಿದವರು ಹಗಲು ರಾತ್ರಿ ಮಾತಾಡುತ್ತಿರುತ್ತಾರೆ. ಯಾರ ಮನೆಯ ಕೋಣ, ಓಡಿಸುವವರು ಯಾರು, ವಿಭಾಗ ನೇಗಿಲು ಕಿರಿಯವೋ ಹಗ್ಗ ಹಿರಿಯವೋ, ಎಲ್ಲ ನಾಲಗೆಯ ತುದಿಯಲ್ಲಿ. ಓಟ ಶುರುವಾಗುವ ಗಂತಿನಿಂದ ಬಿಟ್ಟ ಜೋಡಿ ಓಟ ಮುಗಿಯುವ ಮಂಜೊಟ್ಟಿ ಮುಟ್ಟುವುದು ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ. ಅಷ್ಟರಲ್ಲಿ ಏರು ದನಿ, ಇಳಿ ದನಿ ಎರಡೂ ಬಂದು ಹೋಗುತ್ತವೆ. ತುಳುವಿನಿಂದ ಕನ್ನಡಕ್ಕೆ, ಕನ್ನಡದಿಂದ ತುಳುವಿಗೆ ಸಲೀಸಾಗಿ ದಾಟುತ್ತಾರೆ. ಊರೂರಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳಲ್ಲೂ ಇಂಥವರಿದ್ದಾರೆ. ಇವರು ಕೋಣ ಓಡಿಸಿದವರಾಗಿರಬೇಕೆಂದು ಯಾರೂ ಕೇಳುವುದಿಲ್ಲ. ಮೈದಾನದ ಅಂಚಿನಲ್ಲಿ ನಿಂತು, ಎದುರಿಗೇ ಜನರನ್ನು ಇಟ್ಟುಕೊಂಡು ಕಲಿತ ಕಸುಬು ಇದು. ಒಂದು ತಪ್ಪು ಹೆಸರು ಹೇಳಿದರೆ ಅಲ್ಲೇ ತಿದ್ದುವವರು ನೂರು ಜನ.

ಕರ್ನಾಟಕ ಕ್ರಿಕೆಟ್ ಸಂಸ್ಥೆ 2022ರಿಂದ ಮಹಾರಾಜ ಟ್ರೋಫಿ ನಡೆಸುತ್ತಿದೆ. ನಮ್ಮದೇ ಆಟಗಾರರು, ನಮ್ಮದೇ ಊರುಗಳ ತಂಡಗಳು. ಅದರ ಒಂದು ಇಡೀ ಋತುವಿನ ಕನ್ನಡ ಪ್ರಸಾರದಲ್ಲಿ ಮೊದಲ ಕುರ್ಚಿಯನ್ನು, ಕ್ರಿಕೆಟ್ ಆಡದ, ಆದರೆ ಮಾತಿನಲ್ಲಿ ಪಳಗಿದ ಒಬ್ಬರಿಗೆ ಕೊಡಲಿ. ಕರಾವಳಿಯ ಮೈಕಿನವರನ್ನು ಕರೆಯಲಿ, ಆಕಾಶವಾಣಿಯಲ್ಲಿ ದನಿ ತಿದ್ದಿಕೊಂಡವರನ್ನು ಕರೆಯಲಿ, ಪತ್ರಿಕೋದ್ಯಮ ಓದುತ್ತಿರುವ ಹುಡುಗ ಹುಡುಗಿಯರನ್ನು ಕರೆದು ಪರೀಕ್ಷಿಸಲಿ. ಕೂರಿಸುವುದು ಸ್ಟುಡಿಯೋದಲ್ಲಿ ಬೇಡ, ಮೈದಾನದಲ್ಲಿ. ಸಂಬಳ ಕೊಡುವುದು ಪ್ರಸಾರ ಮಾಡುವವರು. ಸಂಸ್ಥೆಯ ಕೈ ಅದರಲ್ಲಿ ಬೇಡ. ಮೊದಲ ವಾರ ಎಡವಿದರೆಂದು ಎಬ್ಬಿಸದೆ ಐದಾರು ವರ್ಷ ಬಿಡಲಿ. ಡಾಡ್ಜರ್ಸ್ ಮೈಕಿನ ಮುಂದೆ ಮೊದಲ ಸಲ ಕೂತಾಗ ಸ್ಕಲಿಯವರಿಗೆ 22 ವರ್ಷ.